ಮಗ್ರಿಬ್ ಹೊತ್ತಿಗೆ ಮನೆ ಮುಟ್ಟುವ ಬಸ್ಸು

"ನಿಮ್ಮ ಊರಿಗೆ ಬಸ್ಸುಂಟಾ?" ಎಂದು ಯಾರಾದರೂ ಕೇಳಿದರೆ ನಾವು ಯೋಚಿಸದೆ "ಉಂಟು" ಎನ್ನುತ್ತೇವೆ. ಬ್ಯಾರಿ ಬಾಸೆಯಲ್ಲಾದರೂ ತುಳುವಿನಲ್ಲಾದರೂ ಉತ್ತರ ಒಂದೇ, "ಉಂಡು". ಪಂಚಾಯತ್ ಮೆಂಬರಿಗೆ ಆ ಮಾತಿನ ಅರ್ಥ, ಡಾಮರು ರಸ್ತೆಯಾಗಿದೆ, ದಿನಕ್ಕೆ ನಾಲ್ಕೋ ಐದೋ ಟ್ರಿಪ್ ಬರುತ್ತದೆ ಎಂದು. ಬಸ್ಸಿನ ಧಣಿಗೆ ಅದರ ಅರ್ಥ, ಪರ್ಮಿಟ್ ಇದೆ ಎಂದು. ಮಗಳನ್ನು ದೇರಳಕಟ್ಟೆಯ ಕಾಲೇಜಿಗೆ ಸೇರಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಉಮ್ಮನಿಗೆ ಮಾತ್ರ ಆ "ಉಂಟು" ಏನನ್ನೂ ಹೇಳುವುದಿಲ್ಲ. ಅವರಿಗೆ ಗೊತ್ತಾಗಬೇಕಾದದ್ದು ಬೇರೆ: ಬೆಳಗ್ಗೆ ಹೋದ ಮಗಳು ಸಂಜೆ ಎಷ್ಟು ಗಂಟೆಗೆ ಮನೆ ಮುಟ್ಟುತ್ತಾಳೆ? ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವಾಗ?

ಈ ಎರಡು ಪ್ರಶ್ನೆಗಳಿಗೆ ನಮ್ಮ ಎರಡು ರಾಜ್ಯಗಳ ಯಾವ ಇಲಾಖೆಯ ಕಡತದಲ್ಲೂ ಕಾಲಂ ಇಲ್ಲ. ಬಸ್ಸುಗಳನ್ನು ಎಣಿಸುತ್ತಾರೆ, ಕಿಲೋಮೀಟರ್ ಎಣಿಸುತ್ತಾರೆ, ಹರಿದ ಟಿಕೆಟ್ ಎಣಿಸುತ್ತಾರೆ. ಆ ಬಸ್ಸಿನಿಂದ ಯಾರು ಎಲ್ಲಿಗೆ ಮುಟ್ಟಿದರು, ಯಾರು ಮುಟ್ಟದೆ ಉಳಿದರು ಎಂದು ಎಣಿಸುವವರಿಲ್ಲ. ಎಣಿಸದ ಕೊರತೆಯನ್ನು ತುಂಬಿಸಬೇಕೆಂಬ ಒತ್ತಾಯ ಯಾರಿಗೂ ಇರುವುದಿಲ್ಲ ಎನ್ನುವುದು ಹಿಂದುಳಿದ ಸಮುದಾಯದವರಾದ ನಮಗೆ ಬೇರೆ ವಿಷಯಗಳಲ್ಲಿ ಚೆನ್ನಾಗಿ ಗೊತ್ತು. ಬಸ್ಸಿನ ವಿಷಯದಲ್ಲಿ ಅದು ಯಾಕೋ ನಮಗೆ ಹೊಳೆದಿಲ್ಲ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಗರಗಳಿಗೆ ಸಂಬಂಧಿಸಿದ 11ನೆಯದರಲ್ಲಿ ಸಾರ್ವಜನಿಕ ಸಾರಿಗೆಗೂ ಒಂದು ಅಳತೆಗೋಲು ಇದೆ. ಮನೆಯಿಂದ 500 ಮೀಟರ್ ಒಳಗೆ ಬಸ್ ಸ್ಟಾಪ್, ಅಥವಾ 1 ಕಿಲೋಮೀಟರ್ ಒಳಗೆ ರೈಲಿನಂಥ ದೊಡ್ಡ ಸಾರಿಗೆಯ ನಿಲ್ದಾಣ ಇದ್ದರೆ ಅವರಿಗೆ ಅನುಕೂಲಕರ ಸಾರಿಗೆ ಇದೆ ಎಂದು ಲೆಕ್ಕ. ಅಳತೆ ಸುಲಭ, ನಕ್ಷೆಯೊಂದಿದ್ದರೆ ಸಾಕು. ಅದನ್ನು ತಲಪಾಡಿಯಿಂದ ಕಾಸರಗೋಡಿನವರೆಗಿನ ನಮ್ಮ ಹೆದ್ದಾರಿ ಬದಿಯ ಊರುಗಳ ಮೇಲೆ ಇಟ್ಟು ನೋಡಿ. ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ ಎಲ್ಲವೂ ಪಾಸು. ಆದರೆ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಅಲ್ಲಿ ಓಡಾಡಿದವರಿಗೆ ಆ 500 ಮೀಟರ್ ಎಂದರೆ ಏನೆಂದು ಗೊತ್ತು. ಎದುರಿಗೆ ಕಾಣುವ ಸ್ಟಾಪಿಗೆ ಹೋಗಬೇಕಾದರೆ ಅಂಡರ್‌ಪಾಸ್ ಹುಡುಕಿಕೊಂಡು ನಡೆಯಬೇಕು. ಮೊಣಕಾಲು ನೋವಿನ ಉಮ್ಮಂದಿರಿಗೆ ನಕ್ಷೆಯ ನೇರ ಗೆರೆ ನಡೆಯಲು ಸಿಗುವುದಿಲ್ಲ. ಮಳೆಗಾಲದ ಗುಡ್ಡದ ದಾರಿಯಲ್ಲಿ ಅರ್ಧ ಕಿಲೋಮೀಟರ್ ಎಂಬುದು ನಕ್ಷೆ ತಯಾರಿಸುವವರಿಗೆ ಅರ್ಥವಾಗುವ ದೂರವಲ್ಲ.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಸ್ಟಾಪು ಹತ್ತಿರ ಇರುವುದು ಬೇರೆ, ಆ ಸ್ಟಾಪಿನಿಂದ ಬೇಕಾದಲ್ಲಿಗೆ ಹೋಗಲು ಸಾಧ್ಯವಾಗುವುದು ಬೇರೆ. 1959ರಲ್ಲಿ ವಾಲ್ಟರ್ ಹ್ಯಾನ್ಸೆನ್ ಎಂಬ ಅಮೆರಿಕನ್ ಯೋಜನಾ ತಜ್ಞ ಬರೆದ ಲೇಖನವೊಂದು ಈ ವಿಷಯದ ಓದಿನಲ್ಲಿ ಇಂದಿಗೂ ಮೊದಲಿಗೆ ಬರುತ್ತದೆ. ಅವನ ಮಾತಿನ ಸಾರ ಇಷ್ಟೇ: ಒಂದು ಜಾಗದಲ್ಲಿ ವಾಸಿಸುವವನಿಗೆ ಎಷ್ಟು ಅವಕಾಶಗಳು ಕೈಗೆಟಕುತ್ತವೆ, ಅವನ್ನು ಮುಟ್ಟಲು ಎಷ್ಟು ಕಷ್ಟ, ಇವೆರಡನ್ನೂ ಸೇರಿಸಿ ಅಳೆಯಬೇಕು. ಕೆಲಸ ಎಷ್ಟು ಹತ್ತಿರ, ಎಷ್ಟು ಜಾಸ್ತಿ ಎಂದು ನೋಡಬೇಕು. ವಾಹನ ಎಷ್ಟು ವೇಗವಾಗಿ ಓಡುತ್ತದೆ ಎಂದು ಮಾತ್ರ ನೋಡಿದರೆ ಆಗದು. ಆಮೇಲಿನವರು ಇದನ್ನು ಸರಳ ಮಾಡಿ, ಮನೆಯಿಂದ ಹೊರಟು ಬಸ್ಸಿನಲ್ಲಿ 45 ನಿಮಿಷದೊಳಗೆ ಅಥವಾ 60 ನಿಮಿಷದೊಳಗೆ ಎಷ್ಟು ಉದ್ಯೋಗ, ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಸಿಗುತ್ತವೆ ಎಂದು ಎಣಿಸುವ ಪದ್ಧತಿ ತಂದರು. ನಡೆಯುವ ಹೊತ್ತು, ಕಾಯುವ ಹೊತ್ತು, ಬಸ್ಸು ಬದಲಿಸುವ ಹೊತ್ತು ಎಲ್ಲವೂ ಆ 60 ನಿಮಿಷದ ಒಳಗೇ ಬರಬೇಕು.

ಈ ಲೆಕ್ಕ ನಮ್ಮಲ್ಲಿ ಹೇಗಿರುತ್ತದೆ ಎಂದು ಒಂದು ಉದಾಹರಣೆ ಕಟ್ಟಿ ನೋಡೋಣ. ಹುಡುಗಿಯರಿಬ್ಬರೂ ಕಲ್ಪನೆಯವರು, ನಿಮಿಷಗಳೂ ನಾನು ಇಟ್ಟುಕೊಂಡವು. ನಿಮ್ಮ ಊರಿನ ನಿಮಿಷಗಳನ್ನು ಹಾಕಿ ನೀವೇ ತಿದ್ದಿಕೊಳ್ಳಬಹುದು. ಇಬ್ಬರಿಗೂ ದೇರಳಕಟ್ಟೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಒಬ್ಬಳ ಮನೆ ಕೋಟೆಕಾರಿನ ಬೀರಿಯಲ್ಲಿ, ಹೆದ್ದಾರಿ ಬದಿಗೆ. ಐದು ನಿಮಿಷ ನಡೆದರೆ ತೊಕ್ಕೊಟ್ಟಿಗೆ ಹೋಗುವ ಸಿಟಿ ಬಸ್ಸು ಒಂದರ ಹಿಂದೊಂದು ಸಿಗುತ್ತದೆ. ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಹತ್ತಿದರೆ ಮುಗಿಯಿತು. ಮುಕ್ಕಾಲು ಗಂಟೆಯ ಒಳಗೆ ಕ್ಲಾಸಿನಲ್ಲಿರುತ್ತಾಳೆ. ಇನ್ನೊಬ್ಬಳ ಮನೆ ಹೊಸಂಗಡಿಯಿಂದ ಒಳಗೆ, ಮೀಂಜ ಪೈವಳಿಕೆ ಕಡೆಗೆ. ಸ್ಟಾಪಿಗೆ ನಡೆಯಲು 15 ನಿಮಿಷ. ಹೊಸಂಗಡಿಗೆ 30 ನಿಮಿಷ. ಅಲ್ಲಿ 10 ನಿಮಿಷ ಕಾದು ತಲಪಾಡಿಗೆ 15 ನಿಮಿಷ. ತಲಪಾಡಿಯಲ್ಲಿ ಕೇರಳದ ಬಸ್ಸಿನಿಂದ ಇಳಿದು, ನಡೆದು, ಆಚೆಯ ಬಸ್ಸು ಹತ್ತಲು 10. ಅಲ್ಲಿಂದ ತೊಕ್ಕೊಟ್ಟಿಗೆ 20. ಮತ್ತೆ 10 ನಿಮಿಷ ಕಾದು ದೇರಳಕಟ್ಟೆಗೆ 15. ಕೂಡಿಸಿದರೆ 125 ನಿಮಿಷ, ನಾಲ್ಕು ಬಸ್ಸು, ನಾಲ್ಕು ಟಿಕೆಟ್. ಬಸ್ಸಿನೊಳಗೆ ಕುಳಿತದ್ದು, ಅಥವಾ ನೇತಾಡಿದ್ದು, 80 ನಿಮಿಷ. ಉಳಿದ 45 ನಿಮಿಷ ನಡಿಗೆ ಮತ್ತು ಕಾಯುವಿಕೆ.

ಈಗ ವಾಪಸು ಬನ್ನಿ. ನಾಲ್ಕು ಗಂಟೆಗೆ ಕ್ಲಾಸು ಬಿಟ್ಟು 4:15ರ ಬಸ್ಸು ಹತ್ತಿದರೆ ಅದೇ ಲೆಕ್ಕದಲ್ಲಿ ಹೊಸಂಗಡಿಗೆ 5:25ಕ್ಕೆ ಮುಟ್ಟುತ್ತಾಳೆ. ಒಳಗಿನ ಊರಿಗೆ ಹೋಗುವ ಬಸ್ಸು 5:20ಕ್ಕೆ ಬಿಟ್ಟಿರುತ್ತದೆ ಎಂದಿಟ್ಟುಕೊಳ್ಳಿ. ಮುಂದಿನದು 6:45ಕ್ಕೆ. ಮನೆ ಮುಟ್ಟುವಾಗ 7:30. ನಮ್ಮ ಕರಾವಳಿಯಲ್ಲಿ ನವೆಂಬರ್ ತಿಂಗಳಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಗೆ. ಮಗ್ರಿಬ್ ಕಳೆದು ಒಂದೂವರೆ ಗಂಟೆ ಆಗಿರುತ್ತದೆ.

ಆ 5:20ರ ಬಸ್ಸು ಹದಿನೈದು ನಿಮಿಷ ತಡವಾಗಿ, 5:35ಕ್ಕೆ ಬಿಟ್ಟರೆ? ಅವಳು 6:20ಕ್ಕೆ ಮನೆಯಲ್ಲಿ. ಒಂದು ಬಸ್ಸೂ ಹೆಚ್ಚಾಗಲಿಲ್ಲ, ಒಂದು ಲೀಟರ್ ಡೀಸೆಲ್ ಕೂಡ ಹೆಚ್ಚು ಸುಡಲಿಲ್ಲ. ಟ್ರಿಪ್ ಎಣಿಸುವ ಇಲಾಖೆಯ ಪುಸ್ತಕದಲ್ಲಿ ಎರಡೂ ಒಂದೇ. ಆ ಹುಡುಗಿಗೆ ಮಾತ್ರ ಒಂದು ಪದವಿಯ ವ್ಯತ್ಯಾಸ. ನಾನು ಅಳತೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಈ ಕಾರಣಕ್ಕೆ.

ಇಲ್ಲಿ ಯಾರಾದರೂ, ವಿಶೇಷವಾಗಿ ನಮ್ಮ ಹೊಸ ತಲೆಮಾರಿನ ಹೆಣ್ಮಕ್ಕಳು, ಮಗ್ರಿಬ್ ನಂತರ ಹುಡುಗಿ ಹೊರಗಿದ್ದರೆ ಏನಾಗುತ್ತದೆ ಎಂದು ಕೇಳಬಹುದು. ಕೇಳಲಿ, ಕೇಳಬೇಕು ಕೂಡ. ಆ ಚರ್ಚೆಯನ್ನು ಮನೆಯೊಳಗೆ ನಡೆಸೋಣ. ಆದರೆ ಅಳೆಯುವವನು ಜನ ಹೇಗೆ ಬದುಕುತ್ತಿದ್ದಾರೋ ಹಾಗೆ ಅಳೆಯಬೇಕು. ಕತ್ತಲೆ ದಾರಿ, ಬೀದಿದೀಪವಿಲ್ಲದ ಗುಡ್ಡದ ತಿರುವು, ಕೊನೆಯ ಬಸ್ಸಿನ ಗಂಡಸರ ಗದ್ದಲ ಇವೆಲ್ಲ ಧರ್ಮ ಕೇಳಿ ಹೆದರಿಸುವುದಿಲ್ಲ. ನೆರೆಮನೆಯ ತುಳುವ ಹುಡುಗಿಯ ಅಮ್ಮನೂ ಅದೇ ಗಡಿಯಾರ ನೋಡುತ್ತಾಳೆ. ಅವಕಾಶದ ಅಳತೆ ಎಂದರೆ ಹೋಗಿ ಬರುವ ಅಳತೆ. ಹೋಗುವುದನ್ನು ಮಾತ್ರ ಎಣಿಸುವ ವಿದ್ವಾಂಸರ ನಕ್ಷೆಗಳು ನಮ್ಮ ಊರಿನಲ್ಲಿ ಅರ್ಧ ಮಾತ್ರ ನಿಜ.

ನನಗೆ ಸಿಟ್ಟು ಬರುವುದು ವೇದಿಕೆಗಳಲ್ಲಿ. ಸಮುದಾಯದ ಯಾವುದೇ ಶಿಕ್ಷಣ ಜಾಗೃತಿ ಸಭೆಗೆ ಹೋಗಿ, ಯಾರಾದರೊಬ್ಬರು ಮೈಕಿನ ಮುಂದೆ ನಿಂತು "ನಮ್ಮ ಹೆಣ್ಮಕ್ಕಳು ಪಿಯುಸಿಯಲ್ಲಿ, ಪ್ಲಸ್ ಟೂನಲ್ಲಿ ಒಳ್ಳೆಯ ಮಾರ್ಕು ತೆಗೆಯುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ, ಹೆತ್ತವರಿಗೆ ಆಸಕ್ತಿ ಇಲ್ಲ" ಎನ್ನುತ್ತಾರೆ. ಹೆತ್ತವರಿಗೆ ಆಸಕ್ತಿ ಇಲ್ಲದ ಮನೆಗಳು ಇಲ್ಲವೆಂದಲ್ಲ, ಇವೆ. ಬೇಗ ಮದುವೆ ಮಾಡುವ ಅವಸರವೂ ಇದೆ. ಆದರೆ ಮೈಕ್ ಹಿಡಿದ ಆ ಸಾಹೇಬರು ಸಭೆಗೆ ಬಂದದ್ದು ಕಾರಿನಲ್ಲಿ. ಪ್ಲಸ್ ಟೂ ತನಕದ ಶಾಲೆ ನಡೆಯುವ ದೂರದಲ್ಲೋ ವ್ಯಾನಿನ ದೂರದಲ್ಲೋ ಇರುತ್ತದೆ. ಡಿಗ್ರಿ ಕಾಲೇಜು ಬಸ್ಸಿನ ದೂರದಲ್ಲಿ ಇರುತ್ತದೆ. ಓದು ನಿಲ್ಲುವ ಜಾಗವೂ ವ್ಯಾನು ನಿಲ್ಲುವ ಜಾಗವೂ ಒಂದೇ ಆಗಿರುವಾಗ, ಆಸಕ್ತಿಯ ಮಾತಿಗಿಂತ ಮೊದಲು ಬಸ್ಸಿನ ಟೈಮಿಂಗ್ ಕೇಳುವುದು ನ್ಯಾಯ.

ಉಮ್ಮಂದಿರ ಓಡಾಟದ ಲೆಕ್ಕವಂತೂ ಸರ್ಕಾರದ ಕಣ್ಣಿಗೆ ಬಿದ್ದೇ ಇಲ್ಲ. 2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತಾರೆ ಎಂದು ಕೇಳಿದ ಕೋಷ್ಟಕವೊಂದಿದೆ. ಆದರೆ ಅದು ಕೃಷಿ ಮತ್ತು ಮನೆ ಕೈಗಾರಿಕೆ ಬಿಟ್ಟು ಉಳಿದ ಕೆಲಸಗಾರರ ಲೆಕ್ಕ ಮಾತ್ರ. ಮನೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಒಂದು ತಲೆಮಾರನ್ನು ಸಾಕಿದ ನಮ್ಮ ಬ್ಯಾರಿ ಹೆಂಗಸರು ಅಂಥ ಕೋಷ್ಟಕದಲ್ಲಿ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಬೀಡಿ ಬ್ರಾಂಚಿಗೆ ಎಲೆ ತರಲು ಹೋದದ್ದು, ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದದ್ದು, ಬರುವಾಗ ರೇಷನ್ ಅಂಗಡಿಗೆ ಹೊಕ್ಕದ್ದು, ತವರಿನಲ್ಲಿ ಹುಷಾರಿಲ್ಲದ ಉಮ್ಮನನ್ನು ನೋಡಿ ಬಂದದ್ದು, ಇವು ಯಾವುದೂ 'ಪ್ರಯಾಣ' ಎಂದು ದಾಖಲಾಗುವುದಿಲ್ಲ. ಇನೆಸ್ ಸಾಂಚೆಸ್ ದೆ ಮದರಿಯಾಗ ಎಂಬ ಸ್ಪೇನಿನ ವಾಸ್ತುಶಿಲ್ಪಿ ಇಂಥ ಓಡಾಟವನ್ನೆಲ್ಲ ಒಟ್ಟುಗೂಡಿಸಿ 'ಆರೈಕೆಯ ಸಂಚಾರ' ಎಂದು ಹೆಸರಿಟ್ಟರು. ಒಂದೊಂದಾಗಿ ನೋಡಿದರೆ ಇವು ಚಿಲ್ಲರೆ ಓಡಾಟ, ಷಾಪಿಂಗು, ಸಂಬಂಧಿಕರ ಭೇಟಿ ಎಂದು ಬೇರೆ ಬೇರೆ ಡಬ್ಬಿಗೆ ಬೀಳುತ್ತವೆ. ಒಟ್ಟು ಸೇರಿಸಿದರೆ ಅದು ಕೆಲಸದ ಪ್ರಯಾಣಕ್ಕೆ ಸರಿಸಮ ನಿಲ್ಲುವ ದೊಡ್ಡ ಓಡಾಟ ಎಂಬುದು ಅವರ ವಾದ. ನಮ್ಮ ಬಸ್ಸುಗಳ ಟೈಮು ನೋಡಿ. ಬೆಳಗ್ಗೆ ಪೇಟೆಗೆ, ಸಂಜೆ ಪೇಟೆಯಿಂದ. ನಡುಹೊತ್ತಿನ ಟ್ರಿಪ್ ಮೊದಲು ಕಟ್ ಆಗುತ್ತದೆ. ಆ ನಡುಹೊತ್ತಿನ ಟ್ರಿಪ್ಪೇ ಹೆಂಗಸರದು.

ಆಸ್ಪತ್ರೆಯ ವಿಷಯಕ್ಕೆ ಬಂದರೆ ನಮ್ಮ ಗಡಿನಾಡಿನ ಸಂಕಟ ಸ್ಪಷ್ಟವಾಗುತ್ತದೆ. ಡಯಾಲಿಸಿಸ್‌ಗೆ ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಬೇಕು, ವಾರಕ್ಕೆ ಎರಡೋ ಮೂರೋ ಸಲ. ಯಾವ ಹೊತ್ತಿಗೆ ಯಂತ್ರ ಖಾಲಿ ಇರುತ್ತದೆಂದು ರೋಗಿ ನಿರ್ಧರಿಸುವುದಿಲ್ಲ, ಆಸ್ಪತ್ರೆ ನಿರ್ಧರಿಸುತ್ತದೆ. ಮುಗಿಸಿ ಎದ್ದಾಗ ಕಣ್ಣು ಕತ್ತಲಿಡುವ ಮನುಷ್ಯ ನಾಲ್ಕು ಬಸ್ಸು ಬದಲಿಸಲಾರ. ಆಗ ಕಾರು ಬಾಡಿಗೆ, ಅಥವಾ ಯಾರದೋ ಉಪಕಾರ. ಚಿಕಿತ್ಸೆ ಉಚಿತವಾಗಿದ್ದರೂ ದಾರಿ ಖರ್ಚಿನಿಂದ ಮನೆ ಸೋಲುತ್ತದೆ. ಉಕ್ಕಿನಡ್ಕದಲ್ಲಿ ಕಾಸರಗೋಡು ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು, ಅಲ್ಲಿ ಒಪಿ ಶುರುವಾದದ್ದು 2022ರಲ್ಲಿ. ನಮ್ಮ ಜನ ಇಷ್ಟು ವರ್ಷವೂ ಮಂಗಳೂರು ಕಡೆಗೇ ಮುಖ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

2020ರ ಮಾರ್ಚ್ ಕೊನೆಯ ವಾರ ನೆನಪಿದೆಯಲ್ಲವೇ? ಲಾಕ್‌ಡೌನ್ ಆದಾಗ ಕರ್ನಾಟಕವು ತಲಪಾಡಿ ಗಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಕಾಸರಗೋಡು ಜಿಲ್ಲೆಯ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ಷರತ್ತುಗಳ ಮೇಲೆ ರೋಗಿಗಳನ್ನು ಬಿಡುವ ಏರ್ಪಾಡಾಯಿತು. 2021ರಲ್ಲಿ ಮತ್ತೆ ಆರ್‌ಟಿ-ಪಿಸಿಆರ್ ಚೀಟಿಯ ಕಾಟ, ಗಡಿ ದಾಟುವ ಬಸ್ಸುಗಳು ಬಂದ್. ಯಾರು ಸರಿ ಯಾರು ತಪ್ಪು ಎಂಬ ಹಳೆಯ ಜಗಳವನ್ನು ಕೆದಕಲು ಇದನ್ನು ಹೇಳುತ್ತಿಲ್ಲ. ಆ ದಿನಗಳಲ್ಲಿ ಆಸ್ಪತ್ರೆ ಒಂದು ಅಡಿಯೂ ಆಚೆ ಸರಿದಿರಲಿಲ್ಲ, ದೂರ ಅಷ್ಟೇ ಇತ್ತು, ರಸ್ತೆಯೂ ಅದೇ. ಕೈಗೆಟಕುವುದು ಮಾತ್ರ ಸೊನ್ನೆಯಾಗಿತ್ತು. ದೂರ ಅಳೆದರೆ ಅವಕಾಶ ಅಳೆದಂತಾಗುವುದಿಲ್ಲ ಎಂಬುದಕ್ಕೆ ನಮಗೆ ಪುಸ್ತಕದ ಉದಾಹರಣೆ ಬೇಡ.

ಗಡಿ ತೆರೆದ ಮೇಲೂ ಸಣ್ಣ ಸಣ್ಣ ಗೋಡೆಗಳು ಉಳಿದಿವೆ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನ ಪ್ರಕಾರ ಒಂದು ರಾಜ್ಯದ ಪರ್ಮಿಟ್ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿನವರ ಒಪ್ಪಿಗೆಯ ಸಹಿ ಬೇಕು, ಅದರ ಹಿಂದೆ ಎರಡು ರಾಜ್ಯಗಳ ಒಪ್ಪಂದ ಬೇಕು. ಹಾಗಾಗಿ ಎರಡೂ ಕಡೆಯ ಸರ್ಕಾರಿ ಬಸ್ಸುಗಳು ಮಂಗಳೂರಿಗೂ ಕಾಸರಗೋಡಿಗೂ ನೇರ ಓಡುತ್ತವೆ. ಆ ಕಡೆಯ ಸಿಟಿ ಬಸ್ಸೂ ಈ ಕಡೆಯ ಖಾಸಗಿ ಬಸ್ಸೂ ತಲಪಾಡಿಯಲ್ಲಿ ತಿರುಗಿ ಹೋಗುತ್ತವೆ. ಜನ ಮಾತ್ರ ನಡೆದು ದಾಟುತ್ತಾರೆ. ಪ್ರತಿ ಬಸ್ಸಿಗೂ ಹೊಸ ಕನಿಷ್ಠ ದರ. ಕೇರಳದಲ್ಲಿ 2022ರ ಮೇಯಿಂದ ಅದು 10 ರೂಪಾಯಿ ಆಯಿತು, ಮೊದಲ ಎರಡೂವರೆ ಕಿಲೋಮೀಟರಿಗೆ. ಮಕ್ಕಳಿಗೆ ಕನ್ಸೆಶನ್ ಇದೆ. ಅದೇ ಪರಿಷ್ಕರಣೆಯಲ್ಲಿ ವಿದ್ಯಾರ್ಥಿಗಳ ಕನಿಷ್ಠ ದರ ಒಂದು ರೂಪಾಯಿಯಲ್ಲೇ ಉಳಿಯಿತು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಸಾರಿಗೆ ಎಲ್ಲಿದೆ? ಆದರೆ ಒಂದು ರೂಪಾಯಿಯ ಪ್ಯಾಸೆಂಜರ್ ಹತ್ತು ರೂಪಾಯಿಯವರ ಜಾಗ ಹಿಡಿಯುತ್ತಾನೆಂದು, ಯೂನಿಫಾರ್ಮ್ ಕಂಡ ಕೂಡಲೇ ಡಬಲ್ ಬೆಲ್ ಹೊಡೆದು ಮುಂದೆ ಹೋಗುವ ಬಸ್ಸುಗಳನ್ನು ನಾವೆಲ್ಲ ನೋಡಿದ್ದೇವೆ. ಹಕ್ಕು ಇದೆ, ಬಸ್ಸು ನಿಲ್ಲುವುದಿಲ್ಲ. ಯಾವ ಕಾಲಂನಲ್ಲಿ ಬರೆಯುತ್ತೀರಿ ಇದನ್ನು?

ಆಚೆ ದಡದ ಕಥೆ ಬೇರೆ ತರಹ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದ ಗಡಿಯೊಳಗೆ, ಉಚಿತ ಪ್ರಯಾಣ. ಒಳ್ಳೆಯ ಯೋಜನೆ, ನಾನು ಅದರ ಪರ. ಆದರೆ ದಕ್ಷಿಣ ಕನ್ನಡದಲ್ಲಿ, ಅದರಲ್ಲೂ ಮಂಗಳೂರು ಸಿಟಿಯಲ್ಲಿ, ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ನರ್ಮ್ ಬಸ್ಸು ಸಿಕ್ಕಿದ ದಿನ ಉಚಿತ, ಇಲ್ಲದ ದಿನ ಕಾಸು ಕೊಟ್ಟೇ ಹೋಗಬೇಕು. ಯೋಜನೆಯ ಯಶಸ್ಸನ್ನು ಹರಿದ ಶೂನ್ಯ ಟಿಕೆಟುಗಳಿಂದ ಎಣಿಸುತ್ತಾರೆ. ಸರ್ಕಾರಿ ಬಸ್ಸೇ ಹೋಗದ ಊರಿನಲ್ಲಿ ಶೂನ್ಯ ಟಿಕೆಟ್ ಹರಿಯುವುದು ಎಲ್ಲಿಂದ? ಅಲ್ಲಿನ ಹೆಂಗಸು ಫಲಾನುಭವಿಯೂ ಅಲ್ಲ, ವಂಚಿತಳೂ ಅಲ್ಲ, ಲೆಕ್ಕದಲ್ಲೇ ಇಲ್ಲ. ಮಂಜೇಶ್ವರದ ಅವಳ ತಂಗಿ ಮದುವೆಯಾಗಿ ಉಳ್ಳಾಲಕ್ಕೆ ಹೋದರೆ ಆಧಾರ್ ವಿಳಾಸ ಬದಲಾದ ದಿನದಿಂದ ಹಕ್ಕುದಾರಳು, ಅಕ್ಕ ಅಲ್ಲ. ಕುಟುಂಬಗಳು ಹೀಗೆ ಗಡಿಯ ಎರಡೂ ಬದಿ ಹರಡಿಕೊಂಡಿರುವ ಬ್ಯಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ರೈಲಿನ ಸೀಸನ್ ಟಿಕೆಟ್ ಒಂದಕ್ಕೆ ಮಾತ್ರ ಈ ಗಡಿ ಗೊತ್ತಿಲ್ಲ. ಮಂಜೇಶ್ವರದಲ್ಲಿ, ಉಪ್ಪಳದಲ್ಲಿ ಇನ್ನಷ್ಟು ಗಾಡಿಗಳು ನಿಲ್ಲಲಿ ಎಂದು ನಮ್ಮವರು ಮನವಿ ಕೊಡುತ್ತಾ ಬಂದಿರುವುದು ಸುಮ್ಮನೆ ಅಲ್ಲ.)

ಇನ್ನೊಂದು ಸೂಕ್ಷ್ಮ. ಹತ್ತಿರದಲ್ಲಿ ಕಾಲೇಜೋ ಆಫೀಸೋ ಇದ್ದ ಮಾತ್ರಕ್ಕೆ ಅದು ನಮಗೆ ಒದಗುವ ಅವಕಾಶವೂ ಆಗಿರಬೇಕೆಂದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಂಜೇಶ್ವರದ ಮಗುವಿಗೆ ಕನ್ನಡ ಎಂಎ ಬೇಕಾದರೆ ಕಾಸರಗೋಡಿನ ಸರ್ಕಾರಿ ಕಾಲೇಜು ಒಂದು ದಿಕ್ಕು, ಕೊಣಾಜೆಯ ವಿಶ್ವವಿದ್ಯಾನಿಲಯ ಇನ್ನೊಂದು ದಿಕ್ಕು. ವರ್ಕಾಡಿಯ ಗುಡ್ಡದ ಆಚೆಗೇ ಮುಡಿಪು, ಕೊಣಾಜೆ. ನಕ್ಷೆಯಲ್ಲಿ ಕೈಯಳತೆ. ಕೇರಳ ತಯಾರಿಸುವ ಸಾರಿಗೆ ನಕ್ಷೆ ಗಡಿಯ ಗೆರೆಯಲ್ಲಿ ನಿಲ್ಲುತ್ತದೆ, ಕರ್ನಾಟಕದ್ದೂ ಅಲ್ಲೇ ನಿಲ್ಲುತ್ತದೆ. ಎರಡರಲ್ಲೂ ನಾವು ಅಂಚಿನವರು. ಅಂಚಿನಲ್ಲಿ ಪ್ಯಾಸೆಂಜರ್ ಕಡಿಮೆ ಎಂದೇ ಬರೆದಿರುತ್ತದೆ. ಎರಡು ನಕ್ಷೆ ಜೋಡಿಸಿದರೆ ನಮ್ಮ ಊರುಗಳು ಬರುವುದು ನಡುವಿನಲ್ಲಿ.

ಹಾಗಾದರೆ ನ್ಯಾಯವಾದ ಹಂಚಿಕೆ ಎಂದರೇನು? ಈ ವಿಷಯದಲ್ಲಿ ವಿದ್ವಾಂಸರಲ್ಲೇ ಎರಡು ದಾರಿ ಇದೆ. ಒಂದು, ಆದಾಯದ ಅಸಮಾನತೆ ಅಳೆಯುವ ಲೊರೆಂಜ್ ರೇಖೆಯನ್ನು ಬಸ್ಸಿಗೂ ಹಚ್ಚುವುದು; ಒಟ್ಟು ಸಾರಿಗೆಯಲ್ಲಿ ಯಾರಿಗೆಷ್ಟು ಪಾಲು ಎಂದು ನೋಡುವುದು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಹೀಗೆ ಮಾಡಿದ ಅಧ್ಯಯನ 2011ರಲ್ಲಿ ಬಂತು. ಇನ್ನೊಂದು, ಕರೆಲ್ ಮಾರ್ಟೆನ್ಸ್ ಎಂಬವರು 2017ರ ತಮ್ಮ ಪುಸ್ತಕದಲ್ಲಿ ವಾದಿಸಿದಂತೆ, ಎಲ್ಲರಿಗೂ ಸಾಕಷ್ಟು ಸಿಗುವ ಒಂದು ಕನಿಷ್ಠ ಮಟ್ಟ ನಿಗದಿ ಮಾಡಿ, ಅದಕ್ಕಿಂತ ಕೆಳಗಿರುವವರನ್ನು ಮೊದಲು ಮೇಲೆತ್ತುವುದು. ನಾನು ಎರಡನೆಯವರ ಕಡೆ. ಮಂಗಳೂರಿನ ಹಂಪನಕಟ್ಟೆಯಲ್ಲಿರುವವನಿಗೂ ಬಾಯಾರಿನಲ್ಲಿರುವವನಿಗೂ ಸಮಾನ ಬಸ್ಸು ಸಿಗಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಬಾಯಾರಿನವಳು ಬೆಳಗ್ಗೆ ಹೊರಟು ಒಂದು ಡಿಗ್ರಿ ಕಾಲೇಜು, ತಜ್ಞ ವೈದ್ಯರಿರುವ ಒಂದು ಆಸ್ಪತ್ರೆ, ಒಂದು ತಾಲೂಕು ಆಫೀಸು ಇವುಗಳನ್ನು ಮುಟ್ಟಿ, ಕೆಲಸ ಮುಗಿಸಿ, ಬೆಳಕಿರುವಾಗ ವಾಪಸು ಬರಲು ಆಗಬೇಕು. ಅಷ್ಟು. ಸರಾಸರಿಯ ಮಾತು ಬೇಡ. ಕಾಸರಗೋಡು ಜಿಲ್ಲೆಯಲ್ಲಿ 2011ರ ಗಣತಿಯಂತೆ 13 ಲಕ್ಷ ಜನ. ಅವರ ಸರಾಸರಿ ತೆಗೆದರೆ ಹೆದ್ದಾರಿ ಬದಿಯ ಬಸ್ಸುಗಳು ಒಳನಾಡಿನ ಬರವನ್ನು ಮುಚ್ಚಿಹಾಕುತ್ತವೆ.

ನಮ್ಮದೇ ಪಾಲಿನ ಮಾತನ್ನೂ ಆಡಬೇಕು. ಗಲ್ಫ್ ದುಡ್ಡು ಬಂದ ಮೇಲೆ ನಾವು ಬಸ್ಸನ್ನು ಕೈಬಿಟ್ಟೆವು. ಅನುಕೂಲವಿದ್ದವರು ಕಾರು ತೆಗೆದರು, ಹುಡುಗರು ಬೈಕು ತೆಗೆದರು, ಇಂಗ್ಲಿಷ್ ಮೀಡಿಯಂ ಶಾಲೆಗಳು ಹಳದಿ ವ್ಯಾನು ಇಟ್ಟವು. ಒಬ್ಬೊಬ್ಬರ ಲೆಕ್ಕದಲ್ಲಿ ಎಲ್ಲವೂ ಸರಿ. ಆದರೆ ಊರಿನ ಬಸ್ಸಿಗೆ ಉಳಿದದ್ದು ಗಾಡಿ ಇಲ್ಲದವರು, ಮುದುಕರು, ಹೆಂಗಸರು, ಒಂದು ರೂಪಾಯಿಯ ಮಕ್ಕಳು. ಕಲೆಕ್ಷನ್ ಇಳಿಯಿತು, ಧಣಿ ಟ್ರಿಪ್ ಕಟ್ ಮಾಡಿದ, ಇನ್ನಷ್ಟು ಜನ ಬೈಕು ತೆಗೆದರು. ಮನೆಯಲ್ಲಿ ಒಂದೇ ಸ್ಕೂಟರ್ ಇದ್ದರೆ ಅದರ ಬೀಗದ ಕೈ ಯಾರ ಕಿಸೆಯಲ್ಲಿರುತ್ತದೆ ಎಂದು ನಾನು ಕೇಳುವುದಿಲ್ಲ. ಜಮಾಅತ್ ಕಮಿಟಿಯಲ್ಲಿ ಬಸ್ಸಿನ ವಿಷಯ ಬರುವುದಿಲ್ಲವಲ್ಲ ಯಾಕೆ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಕಮಿಟಿಯಲ್ಲಿ ಕುಳಿತವರಲ್ಲಿ ಬಸ್ಸಿಗೆ ಕಾಯುವವರು ಕಡಿಮೆ. ಬಸ್ಸು ಇಲ್ಲದ ಜಾಗವನ್ನು ಸರ್ವಿಸ್ ಜೀಪು, ಸರ್ವಿಸ್ ಆಟೊ ತುಂಬಿಸುತ್ತವೆ, ಅವರಿಗೆ ಕೃತಜ್ಞತೆ ಇರಲಿ. ಆದರೆ ಅವು ತುಂಬುವ ತನಕ ಹೊರಡುವುದಿಲ್ಲ, ಸಂಜೆ ಇರುತ್ತವೋ ಇಲ್ಲವೋ ಹೇಳಲಾಗದು.

ಧಣಿಗಳ ಕಷ್ಟವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಡೀಸೆಲ್, ಇನ್ಶೂರೆನ್ಸ್, ತೆರಿಗೆ, ಸ್ಪೇರ್ ಪಾರ್ಟ್ಸ್ ಎಲ್ಲ ಸೇರಿ ಒಳದಾರಿಯ ಬಸ್ಸು ನಷ್ಟದ ಬಾಬತ್ತು ಎಂಬುದು ನಿಜ. ಅವರ ಕಿಸೆಯಿಂದ ಸಮಾಜಸೇವೆ ಮಾಡಿಸಲಾಗದು. ಹಾಗಾದರೆ ಯಾರು ಕೊಡಬೇಕು? ಕೇರಳದಲ್ಲಿ ಇದಕ್ಕೆ ಒಂದು ದಾರಿ ಈಗಾಗಲೇ ಇದೆ. 2022ರ ಜುಲೈಯಲ್ಲಿ ತಿರುವನಂತಪುರಂ ಜಿಲ್ಲೆಯ ಕೊಲ್ಲಯಿಲ್ ಪಂಚಾಯತ್‌ನಲ್ಲಿ 'ಗ್ರಾಮವಂಡಿ' ಎಂದು ಶುರು ಮಾಡಿದರು. ಬಸ್ಸೂ ಸಿಬ್ಬಂದಿಯೂ ಕೇರಳದ ಕೆಎಸ್ಆರ್‌ಟಿಸಿಯದು, ಡೀಸೆಲ್ ಖರ್ಚು ಸ್ಥಳೀಯ ಪಂಚಾಯತ್‌ನದು. ದಾರಿ, ಟೈಮು ಯಾವುದು ಬೇಕೆಂದು ಹೇಳುವ ಅವಕಾಶ ಪಂಚಾಯತ್‌ಗೆ ಸಿಗುತ್ತದೆ. ನಮ್ಮ ಮಂಜೇಶ್ವರ ತಾಲೂಕಿನ ಪಂಚಾಯತ್‌ಗಳಲ್ಲಿ ಇದನ್ನು ಕೇಳಿ ಪಡೆಯಬೇಕು. ಎಲ್ಲ ದಾರಿಗೂ ಅಲ್ಲ. ಮೇಲೆ ಹೇಳಿದ ಕನಿಷ್ಠ ಮಟ್ಟಕ್ಕಿಂತ ಕೆಳಗಿರುವ ದಾರಿಗೆ. ಅದು ಯಾವುದೆಂದು ತೋರಿಸಲು ಮತ್ತೆ ಅಳತೆಯೇ ಬೇಕು.

ಅಳೆಯಲು ವಿಶ್ವವಿದ್ಯಾನಿಲಯದವರೇ ಬರಬೇಕೆಂದಿಲ್ಲ. ವಿದೇಶಗಳಲ್ಲಿ ಬಸ್ಸಿನ ಟೈಮ್‌ಟೇಬಲನ್ನು ಕಂಪ್ಯೂಟರ್ ಓದುವ ಹಾಗೆ ಪ್ರಕಟಿಸುತ್ತಾರೆ, ಅದರಿಂದ ಲೆಕ್ಕ ತನ್ನಷ್ಟಕ್ಕೆ ಬರುತ್ತದೆ. ನಮ್ಮ ಒಳದಾರಿಯ ಟೈಮ್‌ಟೇಬಲ್ ಇರುವುದು ಕಂಡಕ್ಟರನ ತಲೆಯಲ್ಲಿ, ಸ್ಟಾಪಿನ ಹೋಟೆಲಿನ ಗೋಡೆಯಲ್ಲಿ. ಆದರೆ ಮದ್ರಸದ ದೊಡ್ಡ ತರಗತಿಯ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟರೆ ಎರಡು ವಾರದಲ್ಲಿ ಆಗುವ ಕೆಲಸ ಇದು. ಒಂದು ಸ್ಟಾಪಿನಲ್ಲಿ ಬಸ್ಸು ಬಂದದ್ದು ಎಷ್ಟಕ್ಕೆ, ಬರಬೇಕಾಗಿದ್ದದ್ದು ಎಷ್ಟಕ್ಕೆ, ನಿಲ್ಲಿಸಿತೋ ಇಲ್ಲವೋ. ಆಮೇಲೆ ಮನೆಮನೆಯಲ್ಲಿ ಎರಡೇ ಪ್ರಶ್ನೆ: ಕಳೆದ ತಿಂಗಳು ಬಸ್ಸು ಸಿಗುವುದಿಲ್ಲವೆಂದು ಹೋಗದೆ ಬಿಟ್ಟ ಜಾಗ ಯಾವುದು? ಹೋಗದೆ ಉಳಿದವರು ಯಾರು? ಎರಡನೇ ಪ್ರಶ್ನೆಯನ್ನು ಹೆಂಗಸರೇ ಹೋಗಿ ಹೆಂಗಸರನ್ನೇ ಕೇಳಬೇಕು, ಇಲ್ಲವಾದರೆ "ನಮಗೆಂಥ ತೊಂದರೆ ಇಲ್ಲ" ಎಂಬ ಉತ್ತರ ಸಿಗುತ್ತದೆ. ಹೋಗದೆ ಉಳಿದ ಪ್ರಯಾಣ ಯಾವ ಟಿಕೆಟ್ ಮೆಷಿನಿನಲ್ಲೂ ಬರುವುದಿಲ್ಲ, ಅದಕ್ಕೇ ಅದನ್ನು ಕೇಳಿ ಬರೆಯಬೇಕು. ನಮ್ಮವರ ಮನೆಗಳಲ್ಲಿ ಮಾತ್ರ ಅಲ್ಲ, ಆ ದಾರಿಯ ಎಲ್ಲರ ಮನೆಗಳಲ್ಲಿ. ಬಸ್ಸಿನ ಅರ್ಜಿಗೆ ಜಾತಿ ಹಚ್ಚಿದರೆ ಅರ್ಜಿಯೂ ಹೋಯಿತು, ಬಸ್ಸೂ ಹೋಯಿತು.

ಖಾಸಗಿ ಬಸ್ಸಿನ ಪರ್ಮಿಟ್ ಮತ್ತು ಟೈಮಿಂಗ್ ನೋಡಿಕೊಳ್ಳುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಈ ಕಡೆ ಅದರ ಅಧ್ಯಕ್ಷರು ಜಿಲ್ಲಾ ಕಲೆಕ್ಟರ್, ಆ ಕಡೆ ಜಿಲ್ಲಾಧಿಕಾರಿ. "ನಮ್ಮೂರಿಗೆ ಬಸ್ಸು ಬೇಕು" ಎಂಬ ಅರ್ಜಿಗಳು ಅವರ ಮೇಜಿನ ಮೇಲೆ ಬೇಕಾದಷ್ಟು ಬಿದ್ದಿರುತ್ತವೆ. 5:20ರ ಬಸ್ಸು 5:35ಕ್ಕೆ ಹೊರಟರೆ ಇಂತಿಷ್ಟು ಮಕ್ಕಳು ಬೆಳಕಿರುವಾಗ ಮನೆ ಮುಟ್ಟುತ್ತಾರೆ, ಎರಡು ವಾರದ ನಮ್ಮ ಲೆಕ್ಕ ಇಲ್ಲಿದೆ ಎಂಬ ಅರ್ಜಿಗೆ ಡೀಸೆಲ್ ಇಲ್ಲ, ಬಸ್ಸಿಲ್ಲ, ಡ್ರೈವರಿಲ್ಲ ಎಂಬ ಯಾವ ಉತ್ತರವೂ ಹೊಂದುವುದಿಲ್ಲ. ಈ ಶೈಕ್ಷಣಿಕ ವರ್ಷದ ಅಡ್ಮಿಶನ್ ಮುಗಿಯುವ ಮೊದಲು ಒಂದು ಜಮಾಅತ್, ಒಂದು ದಾರಿ, ಒಂದು ಸಂಜೆ ಬಸ್ಸು ಹಿಡಿದು ಶುರು ಮಾಡಬಹುದು.